ನಮ್ಮ ಓಟಿಗೆ ಲ್ಯಾಪ್ರೋಸ್ಕೋಪ್ ಆರಿಸಿದ ಕಥೆ

ಕಮಿಟಿಯಲ್ಲಿ ನನ್ನ ಹೆಸರೂ ಇದೆ ಅಂತ ಗೊತ್ತಾಗಿದ್ದು ಮೀಟಿಂಗ್ ದಿನ ಬೆಳಿಗ್ಗೆ. ಅದೂ ಅಟೆಂಡರ್ ಹೇಳಿದ್ದು. "ಸಿಸ್ಟರ್, ಹನ್ನೊಂದಕ್ಕೆ ನಿಮ್ಮನ್ನೂ ಬರೋಕೆ ಹೇಳಿದ್ದಾರೆ, ಲ್ಯಾಪ್ರೋಸ್ಕೋಪ್ ತಗೊಳ್ತಾರಂತೆ." ಹೆಂಗಸರ ಸಂತಾನಹರಣ ಆಪರೇಷನ್‌ನಲ್ಲಿ ಹೊಟ್ಟೆಯೊಳಗೆ ನೋಡುವ ಸಾಮಾನು ಅದು. ತಾಲ್ಲೂಕು ಆಸ್ಪತ್ರೆಯ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರ್‌ನಲ್ಲಿ, ನನಗೆ 19 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಯಾವ ಸಾಮಾನು ತಗೋಬೇಕು ಅಂತ ಯಾರೂ ಕೇಳಿರಲಿಲ್ಲ. ತಗೊಂಡ ಮೇಲೆ, ಸ್ಟಾಕ್ ರಿಜಿಸ್ಟರ್‌ಗೆ ಸೈನ್ ಹಾಕಿ, ಕಳೆದರೆ ನಿಮ್ಮ ತಲೆಗೇ ಬರುತ್ತೆ ಅಂತ ಹೇಳುವುದಕ್ಕೆ ಮಾತ್ರ ಕರೆಯುತ್ತಿದ್ದರು.

ಹಳೆಯದು ಹಾಳಾಗಿ ಎರಡು ವರ್ಷ ಆಗಿತ್ತು. ಪೂರ್ತಿ ಹಾಳಾಗಿದ್ದರೆ ಚೆನ್ನಾಗಿತ್ತು, ಯಾರಾದರೂ ತಲೆ ಕೆಡಿಸಿಕೊಳ್ಳುತ್ತಿದ್ದರು. ಅದು ಅರ್ಧ ಹಾಳಾಗಿತ್ತು. ಮಳೆಯಲ್ಲಿ ಬಸ್ಸಿನ ಗಾಜಿನ ಮೂಲಕ ಹೊರಗೆ ನೋಡಿದ ಹಾಗೆ ಎಲ್ಲ ಮಂಜು ಮಂಜು. ನಮ್ಮ ಗೈನಕಾಲಜಿಸ್ಟ್ ಮೇಡಂ ಎರಡೆರಡು ಸಲ ಹೊರಗೆ ತೆಗೆದು ಬಿಸಿನೀರಲ್ಲಿ ಅದ್ದಿ ಒರೆಸಿ ಮತ್ತೆ ಹಾಕುತ್ತಿದ್ದರು. ಅಷ್ಟು ಹೊತ್ತೂ ಟೇಬಲ್ ಮೇಲಿನ ಹೆಂಗಸಿಗೆ ಎಚ್ಚರ ಇರುತ್ತೆ ನೋಡಿ. ಈ ಆಪರೇಷನ್‌ಗೆ ಜಾಸ್ತಿ ಕಡೆ ಕೊಡುವುದು ಲೋಕಲ್ ಅನಸ್ತೇಶಿಯಾ, ಜೊತೆಗೆ ಸ್ವಲ್ಪ ಮಂಪರು ಬರುವ ಇಂಜೆಕ್ಷನ್. ಅಷ್ಟೇ.

ಗೊತ್ತಿಲ್ಲದವರಿಗೆ ಒಂದೆರಡು ಮಾತಲ್ಲಿ ಹೇಳ್ತೀನಿ. ಹೊಕ್ಕುಳ ಹತ್ತಿರ ಒಂದು ಸಣ್ಣ ಗಾಯ ಮಾಡಿ, ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸಿ, ತಲೆ ಕಡೆ ಟೇಬಲ್ ಇಳಿಸಿ, ಒಂದು ಉದ್ದನೆಯ ಕೊಳವೆ ಒಳಗೆ ಬಿಡುತ್ತಾರೆ. ಆ ಕೊಳವೆಯಲ್ಲೇ ನೋಡುವ ಲೆನ್ಸೂ ಇರುತ್ತೆ, ಉಂಗುರ ಹಾಕುವ ಇಕ್ಕಳವೂ ಇರುತ್ತೆ. ಇಕ್ಕಳ ಗರ್ಭನಾಳವನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತೆ, ನಾಳ ಮಡಚಿ ಕುಣಿಕೆ ಥರ ಆಗುತ್ತೆ, ಆ ಕುಣಿಕೆಯ ಬುಡಕ್ಕೆ ಸಿಲಿಕೋನ್ ಉಂಗುರ ಜಾರಿ ಕೂರುತ್ತೆ. ಆಚೆ ಒಂದು, ಈಚೆ ಒಂದು. ರಕ್ತ ಸಿಗದೆ ಮಡಚಿದ ಭಾಗ ಒಣಗಿ ಹೋಗುತ್ತೆ. ಮೊಟ್ಟೆ ಬರುವ ದಾರಿ ಬಂದ್. ಈ ಉಂಗುರಕ್ಕೆ ಫ್ಯಾಲೋಪ್ ರಿಂಗ್ ಅಂತಾರೆ. 1970ರ ದಶಕದಲ್ಲಿ ಇನ್‌ಬೇ ಯೂನ್ ಅನ್ನುವ ಡಾಕ್ಟರ್ ಅಮೆರಿಕದಲ್ಲಿ ಇದನ್ನು ತಂದಿದ್ದು. ಕೈಯಲ್ಲಿ ಹಿಡಿದರೆ ಕೊತ್ತಂಬರಿ ಬೀಜಕ್ಕಿಂತ ಸ್ವಲ್ಪ ಚಿಕ್ಕದು. ಹೊರಗಿನ ಅಗಲ 3.6 ಮಿಲಿಮೀಟರ್, ಒಳಗಿನ ತೂತು 1 ಮಿಲಿಮೀಟರ್. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರು ಅಂತ ಸರ್ಕಾರದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತೆ. ಗಂಡಸರ ಲೆಕ್ಕ ಅದೇ ಸಮೀಕ್ಷೆಯಲ್ಲಿ ಸೊನ್ನೆಗೇ ಬಂದು ನಿಂತಿದೆ. ಅವರದ್ದು ಇದಕ್ಕಿಂತ ಸುಲಭದ ಕೆಲಸ, ಹೊಟ್ಟೆ ತೆರೆಯುವ ಮಾತೇ ಇಲ್ಲ. ಇರಲಿ, ಆ ವಿಷಯ ತೆಗೆದರೆ ಇವತ್ತು ಮುಗಿಯುವುದಿಲ್ಲ.

ಕಮಿಟಿಯಲ್ಲಿ ಮೇಡಂ, ಆಡಳಿತ ವೈದ್ಯಾಧಿಕಾರಿ ಸರ್, ಜಿಲ್ಲೆಯಿಂದ ಬಂದ ಬಯೋಮೆಡಿಕಲ್ ಇಂಜಿನಿಯರ್ ಹುಡುಗ, ನಾನು. ಮೂರು ಕಂಪನಿಯವರು ಡೆಮೊಗೆ ಬಂದಿದ್ದರು. ಹೆಸರು ಬೇಡ.

ಮೊದಲನೆಯವರು ಲ್ಯಾಪ್‌ಟಾಪ್ ತೆಗೆದು ಮುಕ್ಕಾಲು ಗಂಟೆ ಸ್ಲೈಡ್ ತೋರಿಸಿದರು. ಚಿತ್ರ ಚೆನ್ನಾಗಿತ್ತು, ಸಾಮಾನೂ ಫಳಫಳ ಹೊಳೆಯುತ್ತಿತ್ತು. ಎಲ್ಲ ಆದ ಮೇಲೆ ನಾನು ಒಂದೇ ಮಾತು ಕೇಳಿದೆ. "ಇದನ್ನ ಬಿಚ್ಚೋದು ಹೇಗೆ ಸರ್?" ರೆಪ್ ನಗುತ್ತಾ, "ಬಿಚ್ಚೋ ಅವಶ್ಯಕತೆನೇ ಇಲ್ಲ ಸಿಸ್ಟರ್, ಫ್ಲಶ್ ಮಾಡಿದರೆ ಸಾಕು" ಅಂದ. ನಾನು ಮೇಡಂ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಹೊಟ್ಟೆಯೊಳಗೆ ಹೋಗಿ ಬಂದ ಇಕ್ಕಳದ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರುತ್ತೆ. ಅದನ್ನು ಬ್ರಷ್ ಹಾಕಿ ಉಜ್ಜದೆ ಸೈಡೆಕ್ಸ್ ಅನ್ನುವ ಕ್ರಿಮಿ ಸಾಯಿಸುವ ದ್ರಾವಣದಲ್ಲಿ ಎಷ್ಟು ಹೊತ್ತು ಮುಳುಗಿಸಿದರೂ ಸುಮ್ನೆ. ಕೊಳೆಯ ಮೇಲೆ ಔಷಧಿ ಸುರಿದ ಹಾಗೆ.

ಎರಡನೆಯದು ಬಿಚ್ಚಿತು. ಸ್ವಲ್ಪ ಜಾಸ್ತಿಯೇ ಬಿಚ್ಚಿತು! ಏಳು ತುಂಡು, ಅದರಲ್ಲಿ ಒಂದು ಅಕ್ಕಿಕಾಳಿನಷ್ಟು ಉದ್ದದ ಸ್ಪ್ರಿಂಗ್. ನಾನು ಬಿಚ್ಚುವಾಗ ಅದು ಟಣ್ ಅಂತ ಹಾರಿ ಬಿತ್ತು. ಆಡಳಿತ ವೈದ್ಯಾಧಿಕಾರಿ ಸರ್ ಸೇರಿ ನಾಲ್ಕು ಜನ ಮೊಬೈಲ್ ಟಾರ್ಚ್ ಹಾಕಿಕೊಂಡು ಮೇಜಿನ ಕೆಳಗೆ ಹುಡುಕಿದೆವು. ಸಿಕ್ಕಿದ್ದು ಇಂಜಿನಿಯರ್ ಹುಡುಗನ ಶೂ ಪಕ್ಕದಲ್ಲಿ.

ಮೂರನೆಯದು ನಾಲ್ಕೇ ತುಂಡು, ಹಿಡಿ ಗಟ್ಟಿ, ಎಲ್ಲ ಚೆನ್ನಾಗಿತ್ತು. ಬೆಲೆಯೊಂದು ಬಿಟ್ಟು.

ಸ್ಲೈಡ್ ನೋಡಿ ಸಾಮಾನು ಆರಿಸುವುದು ಫೋಟೋ ನೋಡಿ ಹೆಣ್ಣು ಒಪ್ಪಿದ ಹಾಗೆ ಅಂತ ಮೇಡಂ ಹೇಳಿದರು. ಅದಕ್ಕೇ ಮಾರನೇ ದಿನ ಮತ್ತೆ ಬನ್ನಿ ಅಂತ ಮೂವರಿಗೂ ಹೇಳಿದೆವು. ಆವತ್ತು ಸಂಜೆ ನಾನೂ ಮೇಡಂ ಕೂತು ಪರೀಕ್ಷೆ ಹೇಗೆ ಮಾಡೋದು ಅಂತ ಯೋಚಿಸಿದೆವು. ಗರ್ಭನಾಳ ಬಿಗಿ ಪೈಪ್ ಅಲ್ಲ, ಮೆತ್ತಗೆ ಜಾರುತ್ತೆ, ಎಳೆದರೆ ಹರಿಯುತ್ತೆ. ಡ್ರಿಪ್ ಸೆಟ್ ಪೈಪ್ ಹಾಕಿ ನೋಡಿದರೆ ಏನೂ ಗೊತ್ತಾಗಲ್ಲ. ಗ್ಲೌಸ್ ಬೆರಳು ಕತ್ತರಿಸಿ ನೋಡಿದೆವು, ಅದೂ ಸರಿ ಬರಲಿಲ್ಲ. ಕೊನೆಗೆ ವಾರ್ಡ್ ಬಾಯ್‌ಗೆ ಹೇಳಿ ಕೋಳಿ ಅಂಗಡಿಯಿಂದ ಕರುಳು ತರಿಸಿದೆವು. ಬೆಳಿಗ್ಗೆ ಕಪ್ಪು ಕವರ್ ಹಿಡಿದು ಅವನು ಮೀಟಿಂಗ್ ರೂಮಿಗೆ ಬಂದಾಗ ಮೂವರು ರೆಪ್‌ಗಳ ಮುಖ ನೋಡಬೇಕಿತ್ತು. ಒಬ್ಬನಂತೂ ಶನಿವಾರ ಅಂತ ಕೈ ಮುಟ್ಟಲಿಲ್ಲ.

ಆದರೆ ಕರುಳು ಎಲ್ಲ ಹೇಳಿತು. ಒಂದು ಸಾಮಾನಿನ ಕೊಳವೆಯ ಬಾಯಿ ಸ್ವಲ್ಪ ಚೂಪಾಗಿತ್ತು. ಕಣ್ಣಿಗೆ ಕಾಣದು, ಬೆರಳಾಡಿಸಿದರೆ ಗೊತ್ತಾಗುತ್ತೆ. ಮೇಡಂ ಒಂದಿಷ್ಟು ಬೇಗ ಎಳೆದರು, ಕರುಳು ಕಟ್ ಅಂತ ತುಂಡಾಯಿತು. ಅದೇ ಒಳಗೆ ಆದರೆ ನಾಳ ಹರಿದು ರಕ್ತ ಸುರಿಯುತ್ತೆ, ಸಣ್ಣ ಗಾಯದ ಆಪರೇಷನ್ ಹೋಗಿ ಹೊಟ್ಟೆ ತೆರೆಯಬೇಕಾಗುತ್ತೆ. "ನಿಧಾನಕ್ಕೆ ಎಳೀಬೇಕು ಮೇಡಂ" ಅಂತ ರೆಪ್ ಹೇಳಿದ. ಮೇಡಂ ಅಂದರು, "ನಿಧಾನಕ್ಕೆ ಎಳೀಬೇಕು ಅಂತ ನಂಗೂ ಗೊತ್ತಪ್ಪಾ. ಬೇಗ ಎಳೆದರೆ ಏನಾಗುತ್ತೆ ಅಂತ ನೋಡೋಕೇ ಎಳೆದೆ."

ಇನ್ನೊಂದರಲ್ಲಿ ಎರಡು ಉಂಗುರ ಒಟ್ಟಿಗೆ ತುಂಬಬಹುದು. ಒಂದು ಬಿಟ್ಟ ಮೇಲೆ ಹೊರಗೆ ತೆಗೆಯದೆ ಇನ್ನೊಂದು ಕಡೆ ಹಾಕಬಹುದು, ಟೈಮ್ ಉಳಿಯುತ್ತೆ. ಹತ್ತು ಸಲದಲ್ಲಿ ಎರಡು ಸಲ ಎರಡೂ ಉಂಗುರ ಒಂದೇ ಕಡೆ ಬಿದ್ದವು. ಟ್ರಿಗರ್ ಮೊದಲನೇ ಹಂತಕ್ಕೆ ನಿಲ್ಲದೆ ಮುಂದಕ್ಕೆ ಜಾರುತ್ತಿತ್ತು.

ಆಮೇಲೆ ನನ್ನ ಪರೀಕ್ಷೆ. ಎಲ್ಲ ಓಟಿಗಳಲ್ಲೂ ಒಂದು ಕೆಟ್ಟ ಅಭ್ಯಾಸ ಇದೆ, ನಾನೂ ಮಾಡಿದ್ದೀನಿ, ಮುಚ್ಚಿಡೋದೇನು. ಕೇಸ್ ಜಾಸ್ತಿ ಇದ್ದರೆ ಮುಂಚೆಯೇ ಉಂಗುರ ತುಂಬಿ ಇಟ್ಟುಬಿಡುತ್ತೇವೆ. ತುಂಬುವುದು ಅಂದರೆ ಆ 1 ಮಿಲಿಮೀಟರ್ ತೂತನ್ನು ಕೋನ್ ಮೇಲೆ ತಳ್ಳಿ ತಳ್ಳಿ ಹಿಗ್ಗಿಸಿ ಕೊಳವೆಯ ಮೇಲೆ ಕೂರಿಸುವುದು. ಸಿಲಿಕೋನ್ ಆದರೂ ರಬ್ಬರ್ ಬುದ್ಧಿ ತಾನೇ, ಜಾಸ್ತಿ ಹೊತ್ತು ಹಿಗ್ಗಿದ್ದರೆ ಹಳೇ ಅಳತೆಗೆ ವಾಪಸ್ ಬರಲ್ಲ. ಒಂದು ಉಂಗುರ ತುಂಬಿ ಇಟ್ಟು, ಎಲ್ಲರೂ ಟೀ ಕುಡಿದು ಬಂದು, ಆಮೇಲೆ ಬಿಟ್ಟು ನೋಡಿದೆವು. ಪಕ್ಕದಲ್ಲಿ ಆಗಷ್ಟೇ ತುಂಬಿ ಬಿಟ್ಟ ಉಂಗುರ ಇತ್ತು. ಇಂಜಿನಿಯರ್ ಹುಡುಗ ಅಳತೆ ಮಾಡುವ ಮೊದಲೇ ಕಣ್ಣಿಗೇ ಕಾಣುತ್ತಿತ್ತು. ಒಂದು ಕರುಳನ್ನು ಕಚ್ಚಿ ಹಿಡಿದಿತ್ತು, ಇನ್ನೊಂದು ಹಳೇ ಪೆಟಿಕೋಟಿನ ಎಲಾಸ್ಟಿಕ್ ಥರ ಜೋತಾಡುತ್ತಿತ್ತು. ನಾನು ಅವತ್ತಿನಿಂದ ಮುಂಚೆ ತುಂಬಿಟ್ಟಿಲ್ಲ. ಹಾಗಾಗಿ ಯಾವ ಸಾಮಾನಿಗೆ ಉಂಗುರ ತುಂಬುವುದು ಸುಲಭ, ಒಂದು ನಿಮಿಷದಲ್ಲಿ ಆಗುತ್ತಾ, ಒದ್ದೆ ಗ್ಲೌಸ್ ಹಾಕಿಕೊಂಡು ಆಗುತ್ತಾ ಅನ್ನುವುದೂ ಪರೀಕ್ಷೆಯೇ. ಇದು ಯಾವ ಬ್ರೋಷರ್‌ನಲ್ಲೂ ಇರಲ್ಲ.

ಚಿತ್ರ ನೋಡುವುದಕ್ಕೆ ಶೂ ಡಬ್ಬಿ. ಒಳಗೆ ಪೇಪರಿನ ವಧು-ವರರ ಜಾಹೀರಾತಿನ ಪುಟ ಅಂಟಿಸಿ, ಮುಚ್ಚಳ ಟೇಪ್ ಹಾಕಿ, ತೂತು ಕೊರೆದು ಸ್ಕೋಪ್ ಇಳಿಸಿದೆವು. ಆ ಸಣ್ಣ ಅಕ್ಷರ ಓದೋಕಾದರೆ ಪಾಸ್. ನಮ್ಮ ಹಳೇ ಸ್ಕೋಪಿನಲ್ಲಿ ಇದು ಕನ್ನಡ ಅಂತಲೂ ಗೊತ್ತಾಗಲಿಲ್ಲ.

ನಗಾಡಿಕೊಂಡೇ ಮಾಡಿದೆವು, ಆದರೆ ಈ ಪರೀಕ್ಷೆ ಬೇಕೇ ಬೇಕು ಅಂತ ನಾನು ಹಟ ಹಿಡಿದಿದ್ದಕ್ಕೆ ಕಾರಣ ಇತ್ತು. ಎಷ್ಟೋ ವರ್ಷದ ಹಿಂದೆ ಬೇರೆ ಊರಿನ ಕ್ಯಾಂಪ್‌ನಲ್ಲಿ ಆಪರೇಷನ್ ಆಗಿದ್ದ ಹೆಂಗಸೊಬ್ಬಳು ನಮ್ಮಲ್ಲಿಗೆ ಬಂದಿದ್ದಳು. ಆಪರೇಷನ್ ಸರ್ಟಿಫಿಕೇಟ್ ಕೈಯಲ್ಲಿ, ಹೊಟ್ಟೆಯಲ್ಲಿ ಮೂರು ತಿಂಗಳು. ಗಂಡ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ, ಒಳಗೆ ಬರಲಿಲ್ಲ. ಅತ್ತೆ ಮಾತ್ರ ಬಂದು ಎಲ್ಲರೆದುರು "ಆಪರೇಷನ್ ಆದೋಳಿಗೆ ಬಸಿರು ಹ್ಯಾಂಗ್ ಆಗತೈತ್ರಿ, ನೀವಾ ಹೇಳ್ರಿ" ಅಂತ ಕೇಳಿದಳು. ಆ ಹೆಂಗಸು ಗೋಡೆ ನೋಡುತ್ತಾ ಕೂತಿದ್ದಳು. ಆಮೇಲೆ ಹೊಟ್ಟೆ ತೆರೆದು ನಾಳ ಕಟ್ಟುವಾಗ ಮೇಡಂ ನನ್ನನ್ನು ಕರೆದು ತೋರಿಸಿದರು. ಎಡಗಡೆ ಉಂಗುರ ನಾಳದ ಮೇಲಿತ್ತು. ಬಲಗಡೆ ಉಂಗುರ ನಾಳದ ಪಕ್ಕದಲ್ಲೇ ಹೋಗುವ ದುಂಡು ಬಳ್ಳಿಯಂಥ ಲಿಗಮೆಂಟ್ ಮೇಲಿತ್ತು. ಎರಡೂ ಗರ್ಭಕೋಶದ ಮೂಲೆಯಿಂದಲೇ ಹೊರಡುತ್ತವೆ, ಮಂಜು ಕವಿದ ಚಿತ್ರದಲ್ಲಿ ಒಂದೇ ಥರ ಕಾಣುತ್ತವೆ. ನಾಳದ ತುದಿಯಲ್ಲಿರುವ ಝಾಲರಿ ಕಂಡರೆ ಮಾತ್ರ ಅದು ನಾಳ ಅಂತ ಖಾತ್ರಿ. ಝಾಲರಿ ಕಾಣಬೇಕಾದರೆ ಚಿತ್ರ ಸ್ಪಷ್ಟ ಇರಬೇಕು. ಮೇಡಂ ಹೊರಗೆ ಹೋಗಿ ಗಂಡನಿಗೂ ಅತ್ತೆಗೂ ಚಿತ್ರ ಬರೆದು ವಿವರಿಸಿದರು. ಅವರು ನಂಬಿದರೋ ಇಲ್ಲವೋ, ನನಗೆ ಗೊತ್ತಿಲ್ಲ.

ಮಧ್ಯದಲ್ಲಿ ಒಬ್ಬ ಡ್ಯೂಟಿ ಡಾಕ್ಟರ್, ಚಿಕ್ಕ ವಯಸ್ಸಿನವಳು, ಕ್ಲಿಪ್ ಯಾಕೆ ನೋಡಬಾರದು ಅಂತ ಕೇಳಿದಳು. ಫಿಲ್ಶಿ ಕ್ಲಿಪ್ ಅಂತ, ಟೈಟಾನಿಯಂದು, ಒಳಗೆ ಸಿಲಿಕೋನ್ ಲೈನಿಂಗ್. ನಾಳದ ತೀರಾ ಸ್ವಲ್ಪ ಭಾಗ ಮಾತ್ರ ಹಾಳಾಗುತ್ತೆ, ಮುಂದೆ ಮಗು ಕಳೆದುಕೊಂಡವರು ವಾಪಸ್ ಜೋಡಿಸಿ ಅಂತ ಬಂದರೆ ಸುಲಭ. ಒಳ್ಳೇ ಪ್ರಶ್ನೆಯೇ. ಆದರೆ ನಮಗೆ ಉಂಗುರ ಸರ್ಕಾರದಿಂದ ಸಪ್ಲೈ ಬರುತ್ತೆ, ಕ್ಲಿಪ್ ಬರಲ್ಲ. ಅಲ್ಲಿಗೆ ಚರ್ಚೆ ಮುಗಿಯಿತು. ಆದರೂ ಆ ಹುಡುಗಿ ಸುಮ್ಮನಾಗದೆ ಅಮೆರಿಕದ ಒಂದು ಅಧ್ಯಯನ ತಂದು ತೋರಿಸಿದಳು. 1978ರಿಂದ 1986ರ ಮಧ್ಯೆ ಆಪರೇಷನ್ ಆದ 10,685 ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದು, 1996ರಲ್ಲಿ ಪ್ರಕಟವಾಗಿದ್ದು. 10 ವರ್ಷದಲ್ಲಿ ಎಲ್ಲ ವಿಧಾನ ಸೇರಿ ಸಾವಿರಕ್ಕೆ 18.5 ಮಂದಿ ಮತ್ತೆ ಗರ್ಭಿಣಿಯಾದರು. ಉಂಗುರಕ್ಕೆ 17.7. ಆ ಕಾಲದ ಸ್ಪ್ರಿಂಗ್ ಕ್ಲಿಪ್‌ಗೆ 36.5. ಹೆರಿಗೆ ಆದ ತಕ್ಷಣ ನಾಳ ಕಟ್ಟಿ ಕತ್ತರಿಸುವ ನಮ್ಮ ಹಳೇ ಪದ್ಧತಿಗೆ 7.5. ಯಂತ್ರ ಇಲ್ಲ, ಲೆನ್ಸ್ ಇಲ್ಲ, ಬರೀ ದಾರ ಕತ್ತರಿ, ಅದೇ ಮುಂದೆ! ನಾನು ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೀನಿ. ಅದರಲ್ಲಿ ಇನ್ನೊಂದು ಮಾತಿದೆ, ಮೊದಲ ಒಂದೆರಡು ವರ್ಷ ಆದ ಮೇಲೂ ಗರ್ಭ ನಿಲ್ಲುವುದು ನಡೆದೇ ಇತ್ತು. ಅಂದರೆ ನಮ್ಮ ಎರಡು ದಿನದ ಡೆಮೊ ಯಾವ ಲೆಕ್ಕ ಅಂತ ನೀವೇ ಹೇಳಿ.

ಗಾಯವೇ ಇಲ್ಲದ ವಿಧಾನ ಬರುತ್ತೆ ಅಂತ ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಭಾರಿ ಮಾತಿತ್ತು. ಎಶ್ಯೂರ್ ಅಂತ ಒಂದು ಬಂತು. ಕೆಳಗಿನಿಂದಲೇ ಗರ್ಭಕೋಶದ ಮೂಲಕ ಹೋಗಿ ನಾಳದೊಳಗೆ ಸಣ್ಣ ಸುರುಳಿ ತಂತಿ ಇಡುವುದು. ಸುತ್ತ ಗಾಯ ಮಾಗಿ ನಾಳ ಮುಚ್ಚಿಕೊಳ್ಳಬೇಕು, ಅದಕ್ಕೆ ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಬೇರೆ ಗರ್ಭನಿರೋಧಕ, ಆಮೇಲೆ ಎಕ್ಸ್‌ರೇ ಮಾಡಿ ಮುಚ್ಚಿದೆಯಾ ಅಂತ ನೋಡಬೇಕು. 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನೋವು, ರಕ್ತಸ್ರಾವ, ತಂತಿ ಜರುಗಿದ್ದು ಅಂತ ಸಾವಿರಾರು ಹೆಂಗಸರು ದೂರು ಕೊಟ್ಟು, 2018ರ ಕೊನೆಗೆ ಅಲ್ಲೂ ಮಾರಾಟ ನಿಂತಿತು. ನಮ್ಮ ದೇಶದಲ್ಲಿ ಅದಕ್ಕೂ ಮುಂಚೆ ಕ್ವಿನಾಕ್ರಿನ್ ಆಗಿತ್ತಲ್ಲ. ಮಲೇರಿಯಾ ಔಷಧಿಯ ಗುಳಿಗೆ, 36 ಮಿಲಿಗ್ರಾಂನ ಏಳು, ಕಾಪರ್-ಟಿ ಹಾಕುವಂಥ ಕೊಳವೆಯಲ್ಲೇ ಗರ್ಭಕೋಶಕ್ಕೆ ಬಿಡುವುದು, ಅದು ಸುಟ್ಟು ಗಾಯ ಮಾಡಿ ನಾಳ ಮುಚ್ಚುವುದು. ಸರಿಯಾದ ಪರೀಕ್ಷೆ, ಒಪ್ಪಿಗೆ ಏನೂ ಇಲ್ಲದೆ ಎಷ್ಟೋ ಬಡ ಹೆಂಗಸರ ಮೇಲೆ ಮಾಡಿಬಿಟ್ಟರು. ಮಹಿಳಾ ಸಂಘಟನೆಗಳು ಕೋರ್ಟಿಗೆ ಹೋದ ಮೇಲೆ 1998ರಲ್ಲಿ ನಿಷೇಧ ಆಯಿತು. ಅದಕ್ಕೇ ರೆಪ್‌ಗಳು 'ಗಾಯವೇ ಇಲ್ಲ' ಅಂದಾಗ ನನಗೆ ಸ್ವಲ್ಪ ಹೆದರಿಕೆಯೇ ಆಗುತ್ತೆ.

ಕೊನೆಗೆ ಎರಡನೇ ಮತ್ತು ಮೂರನೇ ಕಂಪನಿಯ ಸಾಮಾನನ್ನು ಒಂದೊಂದು ಆಪರೇಷನ್ ದಿನ ಬಳಸಿ ನೋಡುವುದು ಅಂತ ಆಯಿತು. ಎರಡೂ ಲೈಸೆನ್ಸ್ ಇದ್ದು ಬೇರೆ ಕಡೆ ಬಳಕೆಯಲ್ಲಿ ಇದ್ದವೇ. ಕೋಳಿ ಕರುಳು ಮುಟ್ಟಿದ್ದನ್ನಲ್ಲ, ಹೊಸ ಸೆಟ್ ತರಿಸಿದೆವು, ಹೆದರಬೇಡಿ. ಒಂದೊಂದು ದಿನ ಹತ್ತು ಹೆಂಗಸರು. ಹತ್ತೇ ಯಾಕೆ ಅಂದರೆ, ನಿಯಮದ ಪ್ರಕಾರ ಒಂದು ತಂಡ ಮೂರು ಲ್ಯಾಪ್ರೋಸ್ಕೋಪ್ ಇಟ್ಟುಕೊಂಡು ದಿನಕ್ಕೆ 30 ಮಾಡಬಹುದು, ಅಂದರೆ ಒಂದಕ್ಕೆ ಹತ್ತು. ಒಂದು ಕೇಸ್ ಆದ ಮೇಲೆ ಬಿಚ್ಚಿ, ಉಜ್ಜಿ, ತೊಳೆದು, 20 ನಿಮಿಷ ಸೈಡೆಕ್ಸ್, ಆಮೇಲೆ ಸ್ಟೆರೈಲ್ ನೀರಲ್ಲಿ ಜಾಲಿಸಿ ಒರೆಸಿ ಜೋಡಿಸಬೇಕು. ಗಡಿಯಾರ ಇಟ್ಟುಕೊಂಡು ನೋಡಿದೆ, ಎಷ್ಟು ಗಡಿಬಿಡಿ ಮಾಡಿದರೂ 35 ನಿಮಿಷಕ್ಕೆ ಕಡಿಮೆ ಇಲ್ಲ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್ಪುರದ ಹತ್ತಿರ ಒಬ್ಬರೇ ಸರ್ಜನ್ ಒಂದೇ ಕ್ಯಾಂಪ್‌ನಲ್ಲಿ 83 ಹೆಂಗಸರಿಗೆ ಕೆಲವೇ ಗಂಟೆಯಲ್ಲಿ ಆಪರೇಷನ್ ಮಾಡಿದ್ದರು. ಆ ವಾರದ ಕ್ಯಾಂಪ್‌ಗಳಲ್ಲಿ 13 ಮಂದಿ ಸತ್ತರು. ಕಾರಣ ಸೋಂಕೋ ಮಾತ್ರೆಯೋ ಅಂತ ಜಗಳ ನಡೆಯಿತು. ನಾನು ಮಾತ್ರ ಆ ಸುದ್ದಿ ಓದಿದ ದಿನ 83ನ್ನು 35ರಿಂದ ಗುಣಿಸಿ ನೋಡಿದ್ದೆ. ಎರಡು ದಿನಕ್ಕೂ ಜಾಸ್ತಿ ಬರುತ್ತೆ. 2016ರಲ್ಲಿ ಸುಪ್ರೀಂ ಕೋರ್ಟ್ ಈ ಕ್ಯಾಂಪ್ ಪದ್ಧತಿಯನ್ನೇ ಮೂರು ವರ್ಷದಲ್ಲಿ ನಿಲ್ಲಿಸಿ ಅಂತ ಹೇಳಿತು. ನಮ್ಮ ಫೈಲಲ್ಲಿ ಒಂದು ಸ್ಕೋಪ್‌ಗೆ ಮಾತ್ರ ಮಂಜೂರಾತಿ ಇತ್ತು. ಎರಡು ಬೇಕು ಅಂತ ನಾನು ಬರೆದೆ. ಆಡಳಿತ ವೈದ್ಯಾಧಿಕಾರಿ ಸರ್ ಓದಿ, "ಮುಂದಿನ ವರ್ಷ ನೋಡೋಣ ಸಿಸ್ಟರ್" ಅಂದರು.

ಮೌಲ್ಯಮಾಪನದ ಫಾರಂ ಎರಡು ಪುಟ ಇತ್ತು. ಬೆಳಕು, ಚಿತ್ರ, ಹಿಡಿತ, ವಾರಂಟಿ, ಸರ್ವಿಸ್. ಆಪರೇಷನ್ ಆದ ಹೆಂಗಸಿಗೆ ಹೇಗಾಯಿತು ಅನ್ನುವ ಕಾಲಂ ಇರಲಿಲ್ಲ. ಯಾರೂ ಹೇಳದೇ ಇದ್ದರೂ ನಾನು ಇಪ್ಪತ್ತೂ ಜನರ ನಂಬರ್ ಆಶಾ ಕಾರ್ಯಕರ್ತೆಯರಿಂದ ತಗೊಂಡು ಮೂರನೇ ದಿನ ಫೋನ್ ಮಾಡಿದೆ. ಉಂಗುರಕ್ಕೆ ಮೊದಲ ಒಂದೆರಡು ದಿನ ಕಿಬ್ಬೊಟ್ಟೆ ನೋವು ಬರುವುದು ಸಾಮಾನ್ಯ, ರಕ್ತ ನಿಂತ ನಾಳ ನೋಯುತ್ತೆ. ಎರಡನೇ ದಿನ ಮೇಡಂ ನಾಳದ ಮೇಲೆ ಲಿಗ್ನೋಕೇನ್ ಅನ್ನುವ ಮರಗಟ್ಟಿಸುವ ಔಷಧಿ ಹನಿಸಿದ್ದರು, ಅವರಲ್ಲಿ ನೋವು ಕಡಿಮೆ ಅಂದವರು ಜಾಸ್ತಿ. ಅದು ಸಾಮಾನಿನ ಗುಣ ಅಲ್ಲ, ಔಷಧಿಯದು, ಹಾಗಂತಲೇ ಬರೆದೆ.

ಆದರೆ ನನಗೆ ನೆನಪಿರುವುದು ಒಂದು ಫೋನ್. ಎತ್ತಿದವಳು ಏದುಸಿರು ಬಿಡುತ್ತಿದ್ದಳು. ಎಲ್ಲಿದ್ದೀಯಮ್ಮ ಅಂದೆ. "ಹೊಲ್ದಾಗ ಅದೀನ್ರಿ ಅಕ್ಕಾರ, ಕಳೆ ತೆಗಿಯಾಕ್ ಹತ್ತೀನಿ." ಎರಡು ವಾರ ಭಾರದ ಕೆಲಸ ಬೇಡ ಅಂತ ಹೇಳಿದ್ದೆವಲ್ಲ ಅಂದೆ. ಅವಳು ನಕ್ಕಳು. "ನಮ್ಮಕ್ಕಗ ದೊಡ್ಡ ಆಪರೇಷನ್ ಆಗಿತ್ರಿ, ಇಷ್ಟುದ್ದ ಹೊಲಿಗಿ ಇತ್ತು, ಒಂದ್ ತಿಂಗಳು ಕುಂದ್ರಿಸಿ ಊಟಕ್ಕ ಹಾಕಿದ್ರು. ನಂದು ಒಂದ ಹೊಲಿಗಿ ನೋಡ್ರಿ. ಇಷ್ಟ ಸಣ್ಣದಕ್ಕ ಯಾರ್ ಕುಂದ್ರಸ್ತಾರ?" ಬಿಪಿಎಲ್‌ನವರಿಗೆ ಕೂಲಿ ನಷ್ಟಕ್ಕೆ ಅಂತ ಕೊಡುವ 600 ರೂಪಾಯಿ ಅಕೌಂಟಿಗೆ ಬಂದಿಲ್ಲ, ಅದನ್ನೂ ಸ್ವಲ್ಪ ನೋಡಿ ಅಂತ ಹೇಳಿ ಫೋನ್ ಇಟ್ಟಳು.

ಸಣ್ಣ ಗಾಯ, ಬೇಗ ಚೇತರಿಕೆ. ಮೂರೂ ಕಂಪನಿಯ ಬ್ರೋಷರ್‌ನ ಮೊದಲ ಸಾಲು ಇದೇ ಇತ್ತು. ಫಾರಂ ಕೆಳಗೆ 'ಇತರೆ' ಅಂತ ಒಂದೂವರೆ ಇಂಚು ಜಾಗ ಇತ್ತು, ಅದರಲ್ಲಿ ಅವಳ ಮಾತು ಬರೆದು ಸೈನ್ ಹಾಕಿದೆ. ಮೇಡಂ ಅದರ ಕೆಳಗೆ ತಾವೂ ಸೈನ್ ಹಾಕಿದರು.

ಮೊದಲನೇ ಕಂಪನಿಯದು ಬಿಚ್ಚೋಕಾಗಲ್ಲ ಅಂತ ಟೆಕ್ನಿಕಲ್ ಪರಿಶೀಲನೆಯಲ್ಲೇ ಬಿತ್ತು. ಉಳಿದ ಎರಡರಲ್ಲಿ ಎಲ್ ಒನ್, ಅಂದರೆ ಕಡಿಮೆ ಬೆಲೆ ಹೇಳಿದವರು, ಯಾರು ಅಂತ ನೋಡಿದರೆ ಸ್ಪ್ರಿಂಗಿನವರು. ನನ್ನ ಮನಸ್ಸು ಮೂರನೆಯದರ ಮೇಲಿತ್ತು, ಆದರೆ ಪಾಸಾದವರಲ್ಲಿ ಕಡಿಮೆ ಬೆಲೆಯವರಿಗೇ ಕೊಡಬೇಕು, ಅದು ನಿಯಮ. ಒಂದು ಷರತ್ತು ಮಾತ್ರ ಹಾಕಿಸಿದೆ, ಜೊತೆಗೆ ಆರು ಸ್ಪ್ರಿಂಗ್ ಕೊಡಬೇಕು ಅಂತ. ಸಾಮಾನು ಬಂತು, ಚಿತ್ರ ಕನ್ನಡಿ ಥರ ಇದೆ, ಝಾಲರಿಯ ಒಂದೊಂದು ಎಳೆಯೂ ಕಾಣುತ್ತೆ. ಬಿಚ್ಚುವಾಗ ಈಗ ಸ್ಟೀಲ್ ಟ್ರೇಯಲ್ಲಿ ಹಸಿರು ಬಟ್ಟೆ ಹಾಸಿ ಅದರ ಮೇಲೇ ಬಿಚ್ಚುತ್ತೇನೆ. ಆರು ಸ್ಪ್ರಿಂಗ್‌ನಲ್ಲಿ ಎರಡು ಬಂದಿದೆ. ನಾಲ್ಕಕ್ಕೆ ಮೂರನೇ ರಿಮೈಂಡರ್ ನಿನ್ನೆ ಕಳಿಸಿದ್ದೀನಿ.